ಮಂಡ್ಯ ಬಿಸಿಲಲ್ಲಿ ಮನೆ ಪಿಸಿಗೆ ವಾಟರ್ ಕೂಲಿಂಗ್: ಎಐಒ ಸಾಕಾ, ಕಸ್ಟಮ್ ಲೂಪೇ ಬೇಕಾ?

ಕಬ್ಬಿನಗದ್ದೆ (ಮಂಡ್ಯ):

ನಮಸ್ಕಾರ ಎಲ್ರಿಗೂ. ನನ್ನ ಪಿಸಿ: ರೈಜನ್ 7 7700ಎಕ್ಸ್ ಸಿಪಿಯು, ಆರ್‌ಟಿಎಕ್ಸ್ 4070 ಗ್ರಾಫಿಕ್ಸ್ ಕಾರ್ಡು (ಜಿಪಿಯು), ಬಿ650 ಬೋರ್ಡು, 750 ವ್ಯಾಟ್ ಪವರ್ ಸಪ್ಲೈ. ಸಿಪಿಯು ಮೇಲೆ ಒಂದೇ ಫ್ಯಾನಿನ ಟವರ್ ಕೂಲರ್ ಇದೆ. ಬ್ಲೆಂಡರ್ ಅನ್ನೋ 3ಡಿ ಸಾಫ್ಟ್‌ವೇರ್‌ನಲ್ಲಿ ಸಿಪಿಯು ರೆಂಡರ್ ಶುರುವಾದ ಕೂಡಲೇ 95 ಡಿಗ್ರಿ ಮುಟ್ಟಿ ಅಲ್ಲೇ ಕೂರುತ್ತೆ. ಗೇಮ್ ಆಡುವಾಗ ಜಿಪಿಯು 75. ಮಹಡಿ ಮೇಲಿನ ರೂಮು, ಎಸಿ ಇಲ್ಲ, ಏಪ್ರಿಲ್ ಮಧ್ಯಾಹ್ನ ಒಳಗೇ 35 ಡಿಗ್ರಿ. ಫ್ಯಾನ್ ಸದ್ದಿಗೆ ಹೆಡ್‌ಫೋನ್ ಇಲ್ಲದೆ ಕೂರೋಕಾಗಲ್ಲ.

ಕಂಪನಿಯೇ ನೀರು ತುಂಬಿ ಮುಚ್ಚಿ ಕೊಡೋ ಎಐಒ ಬದಲು, ಬಿಡಿ ಭಾಗ ತಂದು ನಾವೇ ಜೋಡಿಸೋ ಕಸ್ಟಮ್ ಲೂಪನ್ನ ಸಿಪಿಯು, ಜಿಪಿಯು ಎರಡಕ್ಕೂ ಸೇರಿಸಿ ಹಾಕೋ ಆಸೆ. ಕೇಸಿನ ಮುಂದೆ 360, ಮೇಲೆ 240 ಮಿ.ಮೀ. ರೇಡಿಯೇಟರ್ ಹಿಡಿಯುತ್ತೆ. ಏನೇನು ಬೇಕು, ಎಷ್ಟು ಬೇಕು? ಮನೆಯ ಆರ್‌ಒ ನೀರು ಹಾಕಬಹುದಾ? ನೀರು ಸೋರಿದರೆ ಎಲ್ಲಾ ಸುಟ್ಟುಹೋಗುತ್ತಾ? ಮಧ್ಯೆ ಕರೆಂಟ್ ಹೋದರೆ ಏನಾಗುತ್ತೆ? ಇಷ್ಟು ಗೊತ್ತಾದರೆ ಆರ್ಡರ್ ಮಾಡ್ತೀನಿ.

ತಾಮ್ರದತಟ್ಟೆ (ಮೈಸೂರು):

ಆರ್ಡರ್ ಮಾಡೋ ಮುಂಚೆ ಈ 95ರ ಲೆಕ್ಕ ನೋಡಿಬಿಡಿ. 7700ಎಕ್ಸ್‌ಗೆ 95 ಡಿಗ್ರಿ ಅನ್ನೋದು ಕಾಯಿಲೆ ಅಲ್ಲ. ಶಾಖಕ್ಕೋ ವಿದ್ಯುತ್ತಿಗೋ ಯಾವುದಾದರೊಂದು ಮಿತಿ ಅಡ್ಡ ಬರುವ ತನಕ ಕ್ಲಾಕ್ ವೇಗ ಏರಿಸಿಕೊಂಡು ಹೋಗೋ ಹಾಗೇ ಎಎಂಡಿ ಅದನ್ನ ಮಾಡಿರೋದು. ಹೆಸರಿಗೆ 105 ವ್ಯಾಟ್ ಚಿಪ್ಪು, ಸಾಕೆಟ್‌ಗೆ ಹೋಗೋ ಮಿತಿ 142 ವ್ಯಾಟ್. ಆ ಶಾಖದ ಬಹುಪಾಲು ಹುಟ್ಟೋದು ಸುಮಾರು 70 ಚದರ ಮಿ.ಮೀ. ಸಿಲಿಕಾನ್ ತುಂಡಲ್ಲಿ. ಅಲ್ಲಿಂದ ಮೇಲಿನ ದಪ್ಪ ಲೋಹದ ಮುಚ್ಚಳ ದಾಟಿ ಬರೋದೇ ಕಷ್ಟ. ಮುಚ್ಚಳದ ಮೇಲೆ ಗಾಳಿ ಇರಲಿ ನೀರಿರಲಿ, ಆ ಕಷ್ಟ ಹಾಗೇ ಇರುತ್ತೆ. ಅದಕ್ಕೇ ಈ ಚಿಪ್ಪಿಗೆ ದೊಡ್ಡ ಲೂಪ್ ಹಾಕಿದೋರಿಗೂ ಪೂರ್ತಿ ಲೋಡಲ್ಲಿ 85ರ ಆಸುಪಾಸು ಕಂಡರೆ ಆಶ್ಚರ್ಯ ಇಲ್ಲ.

ಖರ್ಚಿಲ್ಲದ ದಾರಿ ಮೊದಲು. ಪಿಸಿ ಆನ್ ಆಗುವಾಗ ತೆಗೆಯೋ ಬಯಾಸ್ ಸೆಟ್ಟಿಂಗ್‌ನ ಪ್ರಿಸಿಷನ್ ಬೂಸ್ಟ್ ಓವರ್‌ಡ್ರೈವ್ ಮೆನುವಿಗೆ ಹೋಗಿ 65 ವ್ಯಾಟ್ ಇಕೋ ಮೋಡ್ ಹಾಕಿ. ಮಿತಿ 142ರಿಂದ 88 ವ್ಯಾಟ್‌ಗೆ ಇಳಿಯುತ್ತೆ. ರೆಂಡರ್ ಸ್ವಲ್ಪ ನಿಧಾನ ಆಗುತ್ತೆ, ಆದರೆ ವ್ಯಾಟ್ ಇಳಿದಷ್ಟು ವೇಗ ಇಳಿಯಲ್ಲ. ಗೇಮಲ್ಲಿ ವ್ಯತ್ಯಾಸ ಹುಡುಕಿದರೂ ಸಿಗೋದು ಕಷ್ಟ. ಇಕೋ ಬೇಡ ಅಂದರೆ ಅದೇ ಮೆನುವಲ್ಲಿ ಥರ್ಮಲ್ ಮಿತಿಯನ್ನ 85ಕ್ಕೆ ಕಟ್ಟಿ.

ಇನ್ನೊಂದು ಮಾತು. ನೀರು ಹಾಕಿದ್ರೆ ರೂಮು ತಣ್ಣಗಾಗಲ್ಲ. ಸಿಪಿಯುನ 142 ಮತ್ತು ಜಿಪಿಯುನ 200 ಸೇರಿ 342 ವ್ಯಾಟ್, ಅದಷ್ಟೂ ನಿಮ್ಮ ರೂಮಿಗೇ ಬರುತ್ತೆ. ನೀರು ಅದನ್ನ ಚಿಪ್ಪಿಂದ ರೇಡಿಯೇಟರಿಗೆ ಹೊತ್ತೊಯ್ಯುತ್ತೆ ಅಷ್ಟೇ. ರೂಮು 35 ಇದ್ದರೆ ಲೂಪಿನ ನೀರು 35ಕ್ಕಿಂತ ಕೆಳಗಿಳಿಯೋ ಮಾತೇ ಇಲ್ಲ. ಕಸ್ಟಮ್ ಲೂಪಿಂದ ನಿಜವಾದ ಲಾಭ ಎರಡು: ಜಿಪಿಯು ಚೆನ್ನಾಗಿ ತಣ್ಣಗಾಗುತ್ತೆ, ಫ್ಯಾನ್ ಸದ್ದು ಇಳಿಯುತ್ತೆ. ಆ ಎರಡಕ್ಕೆ 50 ಸಾವಿರದ ಮೇಲೆ ಹಾಕೋಕೆ ಮನಸ್ಸಿದ್ದರೆ ಮುಂದುವರಿಯಿರಿ.

ರೇಡಿಯೇಟರ್_ರಂಗ (ಮೈಸೂರು):

ಮೇಲಿನವರ ಮಾತು ಒಪ್ಪಿದೆ. ಆದ್ರೂ ಆಸೆ ಇದ್ದೋರಿಗೆ ಲೆಕ್ಕ ಬೇಕಲ್ಲ, ತಗೊಳ್ಳಿ.

ಫ್ಯಾನ್ ಮೆಲ್ಲಗೆ ತಿರುಗಬೇಕು ಅಂದರೆ ರೇಡಿಯೇಟರಿನ ಪ್ರತಿ 120 ಮಿ.ಮೀ. ಭಾಗಕ್ಕೆ (ಒಂದು ಫ್ಯಾನಿನ ಅಗಲ) 70ರಿಂದ 100 ವ್ಯಾಟ್ ಅಂತ ಇಟ್ಕೊಳ್ಳಿ. 360 ಮತ್ತು 240 ಸೇರಿ ಐದು ಭಾಗ, ಅಂದರೆ ಭಾಗಕ್ಕೆ ಸುಮಾರು 70 ವ್ಯಾಟ್. ಫ್ಯಾನ್ ನಿಮಿಷಕ್ಕೆ 1000-1200 ಸುತ್ತಿನಲ್ಲಿದ್ರೆ ನೀರು ರೂಮಿಗಿಂತ ಹೆಚ್ಚುಕಮ್ಮಿ 10 ಡಿಗ್ರಿ ಮೇಲೆ ನಿಲ್ಲುತ್ತೆ. ಮಂಡ್ಯದ ಏಪ್ರಿಲ್‌ಗೆ 45. ಜಿಪಿಯು ಅದರ ಮೇಲೆ 10-15, ಅಂದ್ರೆ 60ರ ಒಳಗೆ. ಈಗಿನ 75ಕ್ಕೆ ಹೋಲಿಸಿದರೆ ಒಳ್ಳೇದೇ.

ರೇಡಿಯೇಟರ್ 30 ಮಿ.ಮೀ. ದಪ್ಪದ್ದು ಸಾಕು. ಫ್ಯಾನ್ 25 ಸೇರಿ 55 ಮಿ.ಮೀ. ಮೇಲ್ಭಾಗದಲ್ಲಿ ಅಷ್ಟು ಜಾಗ ರ‍್ಯಾಮ್‌ಗೂ ಬೋರ್ಡಿನ ಹೀಟ್‌ಸಿಂಕ್‌ಗೂ ತಾಗದ ಹಾಗೆ ಇದೆಯಾ, ಮುಂದೆ ಹಾಕಿದ ಮೇಲೆ ಕಾರ್ಡಿನ ಉದ್ದಕ್ಕೆ ಎಷ್ಟು ಉಳಿಯುತ್ತೆ, ಸ್ಕೇಲ್ ಹಿಡಿದು ಅಳೆಯಿರಿ. ‘360 ಹಿಡಿಯುತ್ತೆ’ ಅಂತ ಕೇಸಿನ ಡಬ್ಬದ ಮೇಲೆ ಬರೆದಿರೋದು ಅರ್ಧ ಸತ್ಯ.

ಲೋಹ ಬೆರೆಸಬೇಡಿ. ಬ್ಲಾಕು (ಚಿಪ್ಪಿನ ಮೇಲೆ ಕೂತು ನೀರು ಹಾಯೋ ತುಂಡು) ತಾಮ್ರ ಅಥವಾ ನಿಕ್ಕಲ್ ಲೇಪದ ತಾಮ್ರ, ಟ್ಯೂಬು ಜೋಡಿಸೋ ಫಿಟ್ಟಿಂಗ್ ಹಿತ್ತಾಳೆ, ರೇಡಿಯೇಟರ್ ತಾಮ್ರದ್ದೇ ಅಂತ ಬರೆದಿರಬೇಕು. ಅಗ್ಗಕ್ಕೆ ಸಿಗುತ್ತೆ ಅಂತ ಅಲ್ಯೂಮಿನಿಯಂ ರೇಡಿಯೇಟರ್ ಸೇರಿಸಿದರೆ ಲೂಪೇ ಒಂದು ಬ್ಯಾಟರಿ ಆಗಿ ಅಲ್ಯೂಮಿನಿಯಂ ಕರಗುತ್ತಾ ಹೋಗುತ್ತೆ, ಆ ಪುಡಿ ಬ್ಲಾಕಿನ ಸಂದಿಯಲ್ಲಿ ಕಟ್ಟಿಕೊಳ್ಳುತ್ತೆ.

ಪಂಪು ಡಿ5 ಮಾದರಿಯದ್ದು, ರಿಸರ್ವಾಯರ್ (ನೀರಿನ ಪುಟ್ಟ ಟ್ಯಾಂಕು) ಜೊತೆಗೇ ಬರೋದು. ಟ್ಯೂಬು ಮೆತ್ತಗಿನದೇ ಇರಲಿ: ಒಳಗೆ 10, ಹೊರಗೆ 16 ಮಿ.ಮೀ. ದಪ್ಪ ಗೋಡೆ, ಬಗ್ಗಿಸಿದರೂ ಮಡಚಿಕೊಳ್ಳಲ್ಲ. ಕಪ್ಪು ಇಪಿಡಿಎಂ ರಬ್ಬರ್ ತಗೊಳ್ಳಿ. ಪಾರದರ್ಶಕ ಪಿವಿಸಿ ನೋಡೋಕೆ ಚೆಂದ, ಆದರೆ ಅದನ್ನ ಮೆತ್ತಗಿಡೋ ಪ್ಲಾಸ್ಟಿಸೈಸರ್ ಬಿಟ್ಟುಕೊಂಡು ಬಿಳಿ ಪೊರೆ ಕಟ್ಟುತ್ತೆ. ಎರಡು ಮೀಟರ್ ಸಾಕು. ಗಟ್ಟಿ ಪಿಇಟಿಜಿ ಟ್ಯೂಬು ಮೊದಲ ಲೂಪಿಗೆ ಬೇಡ, ನೀರು 60ರ ಹತ್ತಿರ ಹೋದರೆ ಫಿಟ್ಟಿಂಗ್ ಒಳಗೇ ಮೆತ್ತಗಾಗಿ ಜಾರುತ್ತೆ.

ಫಿಟ್ಟಿಂಗ್ ಜಿ 1/4 ಅಳತೆಯ ತಿರುಪಿನದು (ಥ್ರೆಡ್), 10/16 ಕಂಪ್ರೆಷನ್. ಸಿಪಿಯು ಬ್ಲಾಕು, ಜಿಪಿಯು ಬ್ಲಾಕು, ಎರಡು ರೇಡಿಯೇಟರ್, ಪಂಪು: ಐದಕ್ಕೂ ತಲಾ ಎರಡರಂತೆ ಹತ್ತು. ಲೂಪಿನ ತೀರಾ ಕೆಳಗಿನ ಜಾಗದಲ್ಲಿ ಒಂದು ಟಿ, ಒಂದು ಬಾಲ್ ವಾಲ್ವ್, ಒಂದು ಸ್ಟಾಪ್ ಪ್ಲಗ್ಗು ಹಾಕಿ. ಈ ಡ್ರೈನ್ ಇಲ್ಲದೆ ಕಟ್ಟಿದರೆ ನೀರು ಬದಲಿಸೋ ದಿನ ಇಡೀ ಕೇಸ್ ತಲೆಕೆಳಗು ಮಾಡಬೇಕಾಗುತ್ತೆ.

ಸಿಪಿಯು ಬ್ಲಾಕು ನಿಮ್ಮ ಬೋರ್ಡಿನ ಎಎಂ5 ಸಾಕೆಟ್‌ಗೆ ಕೂರುತ್ತಾ ಖಾತ್ರಿ ಮಾಡಿಕೊಳ್ಳಿ. ಎಎಂ5 ಬೋರ್ಡಿನ ಹಿಂದಿನ ತಟ್ಟೆ ಬಿಚ್ಚೋ ಹಾಗಿಲ್ಲ, ತನ್ನದೇ ತಟ್ಟೆ ಕೇಳೋ ಹಳೇ ಬ್ಲಾಕು ಆಗಲ್ಲ. ಜಿಪಿಯು ಬ್ಲಾಕು ‘4070ಕ್ಕೆ’ ಅಂತ ಇದ್ದರೆ ಸಾಲದು. ನಿಮ್ಮ ಕಂಪನಿಯ, ನಿಮ್ಮ ಮಾಡೆಲ್ಲಿನ ಬೋರ್ಡಿಗೇ ಹೊಂದಬೇಕು. ಅದು ಸಿಗಲಿಲ್ಲ ಅಂದರೆ ಕಸ್ಟಮ್ ಲೂಪಿನ ಆಸೆ ಅಲ್ಲಿಗೇ ಬಿಡಿ, ಸಿಪಿಯು ಒಂದಕ್ಕೇ ಕಟ್ಟೋದು ದಂಡ.

ಯಾವುದಾದ ಮೇಲೆ ಯಾವುದು ಅಂತ ತಲೆ ಕೆಡಿಸಿಕೊಳ್ಳಬೇಡಿ. ನಿಮಿಷಕ್ಕೆ 4 ಲೀಟರ್ ಹರಿವಿನಲ್ಲಿ 342 ವ್ಯಾಟ್ ಸೇರಿದರೂ ನೀರು ಏರೋದು ಬರೀ 1.2 ಡಿಗ್ರಿ. ಟ್ಯೂಬು ಹತ್ತಿರ ಆಗೋ ದಾರಿ ನೋಡಿ. ಪಾಲಿಸಬೇಕಾದ್ದು ಒಂದೇ: ರಿಸರ್ವಾಯರ್ ಪಂಪಿನ ಮುಂಚೆ, ಪಂಪಿಗಿಂತ ಮೇಲೆ.

ಸೋಸಿದನೀರು (ಮಂಡ್ಯ):

ಆರ್‌ಒ ನೀರು ಬ್ಯಾಡ ಕಣ್ರೀ. ಸೋಸಿ ಬಂದ್ರೂ ಅದ್ರಲ್ಲಿ ಉಪ್ಪಿನ ಅಂಶ ಉಳಿದಿರುತ್ತೆ, ಈಗಿನ ಮಷೀನುಗಳು ರುಚಿಗೆ ಅಂತ ಖನಿಜ ವಾಪಸ್ ಬೇರೆ ಸೇರಿಸ್ತವೆ. ನಮ್ಮ ಕಡೆ ಬೋರ್ ನೀರಂತೂ ಗೀಸರ್ ಕಾಯಿಲ್‌ಗೆ ಏನ್ ಮಾಡುತ್ತೆ ಅಂತ ಎಲ್ರಿಗೂ ಗೊತ್ತು. ಬ್ಲಾಕಿನ ಒಳಗಿನ ಸಂದಿ ಅರ್ಧ ಮಿ.ಮೀ.ಗೂ ಕಮ್ಮಿ.

ಡಿಸ್ಟಿಲ್ಡ್ ವಾಟರ್ 5 ಲೀಟರ್ ಕ್ಯಾನ್ ತಗೊಳ್ಳಿ. ಲೂಪಿಗೆ ಹಿಡಿಯೋದು ಸುಮಾರು ಒಂದು ಲೀಟರ್, ಉಳಿದದ್ದು ತೊಳೆಯೋಕೆ. ಹೊಸ ರೇಡಿಯೇಟರ್ ಒಳಗೆ ಬೆಸುಗೆ ಹಾಕಿದ ಫ್ಲಕ್ಸ್ ಇರುತ್ತೆ. ಬಿಸಿ ಮಾಡಿದ ಡಿಸ್ಟಿಲ್ಡ್ ವಾಟರ್ ಅರ್ಧ ತುಂಬಿ, ಬಾಯಿ ಮುಚ್ಚಿ, ಚೆನ್ನಾಗಿ ಅಲ್ಲಾಡಿಸಿ ಬಿಳಿ ಬಟ್ಟೆ ಮೇಲೆ ಸುರೀರಿ. ಚೂರು ಬೀಳೋದು ನಿಲ್ಲೋವರೆಗೂ ಮಾಡಿ.

ಬರೀ ಡಿಸ್ಟಿಲ್ಡ್ ವಾಟರ್ ಬಿಟ್ರೆ ಪಾಚಿ ಕಟ್ಟುತ್ತೆ, ಲೋಹಾನೂ ತಿನ್ನುತ್ತೆ. ಪಿಸಿ ಕೂಲೆಂಟ್‌ನ ಕಾನ್ಸೆಂಟ್ರೇಟ್ ಬಾಟಲಿ ಮೇಲೆ ಬರೆದ ಅಳತೆಗೆ ಬೆರೆಸಿ, ತುಕ್ಕು ತಡೆಯೋದು ಪಾಚಿ ತಡೆಯೋದು ಎರಡೂ ಅದ್ರಲ್ಲೇ ಇರುತ್ತೆ. ಹಾಲಿನಂಗಿರೋ ಬಣ್ಣದ ಕೂಲೆಂಟ್ ಫೋಟೋಕ್ಕೆ ಸರಿ, ದಿನಾ ಓಡಿಸೋ ಮಷೀನಿಗಲ್ಲ. ಅದ್ರ ಕಣ ಇಳಿದು ಸಂದಿ ಮುಚ್ಚುತ್ತೆ.

ಚಾಮುಂಡಿಪಾದ (ಮೈಸೂರು):

ಪೆಟ್ರೋಲ್ ಬಂಕಲ್ಲಿ ಸಿಗೋ ಬ್ಯಾಟರಿ ವಾಟರ್ ಸಾಕಲ್ವಾ? ಕಾರಿನ ಹಸಿರು ಕೂಲೆಂಟ್ ಸ್ವಲ್ಪ ಬೆರೆಸಿದರೆ ಮುಗೀತು. ಸುಮ್ಮನೆ ದುಬಾರಿ ಬಾಟಲಿ ಯಾಕೆ?

ಸೋಸಿದನೀರು (ಮಂಡ್ಯ):

ಬ್ಯಾಟರಿ ವಾಟರ್ ಆಗಬಹುದು, ಆದ್ರೆ ಕ್ಯಾನಿಂದ ಕ್ಯಾನಿಗೆ ಒಂದೇ ಥರ ಇರಲ್ಲ. ಕರಗಿದ ಉಪ್ಪು ಅಳೆಯೋ ಟಿಡಿಎಸ್ ಪೆನ್ ಅದ್ದಿ ನೋಡಿ, ಸೊನ್ನೆಯಿಂದ 5ರ ಒಳಗಿದ್ರೆ ಬಳಸಿ. ಕಾರಿನದು ಬುಡಿ. ಎಥಿಲೀನ್ ಗ್ಲೈಕಾಲ್ ಇರೋದು ವಿಷ, ಮನೇಲಿ ಮಕ್ಕಳು ನಾಯಿ ಬೆಕ್ಕು ಇದ್ರೆ ಇನ್ನೂ ಬ್ಯಾಡ. 50 ಸಾವಿರದ ಕೆಲಸಕ್ಕೆ ಒಂದು ಬಾಟಲಿ ಲೆಕ್ಕ ಯಾಕೆ.

ರೇಡಿಯೇಟರ್_ರಂಗ (ಮೈಸೂರು):

ಸೋರಿಕೆ ಬಗ್ಗೆ. ಡಿಸ್ಟಿಲ್ಡ್ ವಾಟರಲ್ಲಿ ಕರೆಂಟ್ ಹರಿಯಲ್ಲ ಅನ್ನೋ ಧೈರ್ಯ ಇಟ್ಕೋಬೇಡಿ. ಕೂಲೆಂಟ್ ಸೇರಿಸಿದ ಮೇಲೆ, ಲೋಹ ಮುಟ್ಟಿದ ಮೇಲೆ, ಬೋರ್ಡಿನ ಧೂಳು ಬೆರೆತ ಮೇಲೆ ಹರಿಯುತ್ತೆ. ಬೋರ್ಡಿಗೆ ಕರೆಂಟ್ ಕೊಡೋ ಮುಂಚೆಯೇ ಸೋರಿಸಿ ನೋಡೋದು ಒಂದೇ ದಾರಿ.

ನೀರಿಗೆ ಮುಂಚೆ ಗಾಳಿ. ಜಿ 1/4 ಬಾಯಿಗೆ ಕೂರೋ ಲೀಕ್ ಟೆಸ್ಟರ್ ಹಾಕಿ 0.5 ಬಾರ್ ಒತ್ತಡ ಕೊಡಿ. ಅರ್ಧ ಗಂಟೆ ಮುಳ್ಳು ಅಲ್ಲಾಡದಿದ್ದರೆ ಸರಿ. ಇಳಿದರೆ ಫಿಟ್ಟಿಂಗ್ ಒಂದೊಂದೇ ನೋಡಿ, ಸಾಮಾನ್ಯವಾಗಿ ಓ-ರಿಂಗ್ ಸೊಟ್ಟ ಕೂತಿರುತ್ತೆ ಅಥವಾ ಟ್ಯೂಬಿನ ತುದಿ ಓರೆ ಕತ್ತರಿಸಿರ್ತೀರಿ. ಕೈಯಲ್ಲಿ ಬಿಗಿ ಮಾಡಿದರೆ ಸಾಕು, ಸ್ಪ್ಯಾನರ್ ಹಾಕಿದರೆ ಅಕ್ರಿಲಿಕ್ ಸೀಳುತ್ತೆ. ಅಕ್ರಿಲಿಕ್ ಒರೆಸೋಕೆ ಐಸೊಪ್ರೊಪೈಲ್ ಆಲ್ಕೊಹಾಲ್ ಕೂಡ ಬೇಡ, ಅದರಿಂದಲೂ ಬಿರುಕು ಬರುತ್ತೆ.

ಆಮೇಲೆ ಬೋರ್ಡಿನ 24 ಪಿನ್, ಸಿಪಿಯು 8 ಪಿನ್, ಕಾರ್ಡಿನ ಪವರ್ ಮೂರೂ ಕಿತ್ತಿಡಿ. ಪಂಪಿಗೆ ಮಾತ್ರ ಸಾಟಾ ಪವರ್. ಪವರ್ ಸಪ್ಲೈ ಆನ್ ಮಾಡೋಕೆ 24 ಪಿನ್‌ನ ಹಸಿರು ತಂತಿ ಮತ್ತು ಕಪ್ಪು ತಂತಿ ಸೇರಿಸಬೇಕು. ಈಗ ಎಲ್ಲಾ ತಂತಿಯೂ ಕಪ್ಪೇ ಬರೋದರಿಂದ ಜಂಪರ್ ಪ್ಲಗ್ಗು ಕೊಳ್ಳೋದೇ ವಾಸಿ. ಫಿಟ್ಟಿಂಗ್ ಕೆಳಗೆಲ್ಲ ಟಿಶ್ಯೂ ಪೇಪರ್ ಇಡಿ.

ರಿಸರ್ವಾಯರ್ ತುಂಬಿ, ಸ್ವಿಚ್ ಹಾಕಿ, ನೀರು ತಳ ಕಾಣೋ ಮುಂಚೆ ಆಫ್ ಮಾಡಿ, ಮತ್ತೆ ತುಂಬಿ. ಡಿ5ಗೆ ಬೇರಿಂಗ್ ಒದ್ದೆ ಇರೋದೇ ನೀರಿಂದ, ಒಣ ಓಡಿಸಿದರೆ ಕೆಲವೇ ಹೊತ್ತಲ್ಲಿ ಕೆಟ್ಟುಹೋಗುತ್ತೆ. ತುಂಬಿದ ಮೇಲೆ ಕೇಸನ್ನ ಮುಂದೆ ಹಿಂದೆ ವಾಲಿಸಿ, ರೇಡಿಯೇಟರ್ ಮೂಲೆಯ ಗಾಳಿ ಗುಳುಗುಳು ಅಂತ ಹೊರಗೆ ಬರಬೇಕು. ಹೀಗೆ 12 ಗಂಟೆ ಓಡಲಿ. ಟಿಶ್ಯೂ ಒಣಗಿದ್ದರೆ ಮಾತ್ರ ಬೋರ್ಡಿಗೆ ತಂತಿ ಹಾಕಿ.

ಕರೆಂಟ್ ಹೋದರೆ ಭಯ ಇಲ್ಲ. ಪಂಪೂ ಚಿಪ್ಪೂ ಒಟ್ಟಿಗೇ ನಿಲ್ಲುತ್ತವೆ, ಶಾಖ ಹುಟ್ಟೋದೂ ಅಲ್ಲಿಗೇ ನಿಂತಿತು. ಭಯ ಇರೋದು ಪಿಸಿ ಓಡ್ತಾ ಪಂಪು ಮಾತ್ರ ನಿಂತಾಗ. ಅದಕ್ಕೇ ಪಂಪಿನ ವೇಗದ ತಂತಿಯನ್ನ ಬೋರ್ಡಿನ ಸಿಪಿಯು ಫ್ಯಾನ್ ಹೆಡರಿಗೆ (ತಂತಿ ಚುಚ್ಚೋ ಪಿನ್‌ಗಳು) ಹಾಕಿ, 60 ಶೇಕಡಾಕ್ಕೆ ಕಟ್ಟಿ. ಪಂಪು ತಿರುಗದಿದ್ದರೆ ಬೋರ್ಡು ಬೂಟ್ ಆಗೋ ಮುಂಚೆಯೇ ಎಚ್ಚರಿಸುತ್ತೆ. ಫ್ಯಾನುಗಳನ್ನ ಸಿಪಿಯು ತಾಪಕ್ಕೆ ಕಟ್ಟಬೇಡಿ, ಬ್ರೌಸರ್ ತೆಗೆದಾಗಲೂ ಕೂಗಾಡ್ತವೆ. ನೀರಿಗೆ ತಾಪ ಅಳೆಯೋ 10ಕೆ ಸೆನ್ಸರ್ ಪ್ಲಗ್ಗು ಹಾಕಿ, ಬೋರ್ಡಿನ ಎರಡು ಪಿನ್ ಸೆನ್ಸರ್ ಹೆಡರಿಗೆ ಕೊಡಿ. ಹೆಡರ್ ಇದೆಯಾ ಅಂತ ಮ್ಯಾನ್ಯುಯಲ್ ನೋಡಿ. ನೀರು 40ರವರೆಗೆ 600 ಸುತ್ತು, 45ಕ್ಕೆ 1200, 50ಕ್ಕೆ ಪೂರ್ತಿ.

ಸೋಸಿದನೀರು (ಮಂಡ್ಯ):

ಒಂದು ಬಿಟ್ಟೋಯ್ತು. ಆಲೆಮನೆ ಹತ್ರ ಮನೆ ಇದ್ರೆ ಕಬ್ಬಿನ ಸಿಪ್ಪೆ ಸುಟ್ಟ ಕರಿ ಬೂದಿ ರೇಡಿಯೇಟರ್ ಸಂದೀಲಿ ಕೂರುತ್ತೆ. ಎರಡು ತಿಂಗಳಿಗೊಂದ್ಸಲ ಬ್ಲೋವರ್ ಹೊಡೀರಿ, ಹೊಡೆಯುವಾಗ ಫ್ಯಾನ್ ರೆಕ್ಕೆ ಬೆರಳಲ್ಲಿ ಹಿಡ್ಕೊಳ್ಳಿ. ನೀರು ವರ್ಷಕ್ಕೊಂದ್ಸಲ ಬದಲಿಸಿ.

ಕಬ್ಬಿನಗದ್ದೆ (ಮಂಡ್ಯ):

ಎಲ್ರಿಗೂ ಥ್ಯಾಂಕ್ಸ್. ನನ್ನ ಕಾರ್ಡಿನ ಮಾಡೆಲ್ಲಿಗೆ ಬ್ಲಾಕು ಎಲ್ಲೂ ಕಾಣ್ತಿಲ್ಲ. ಸದ್ಯಕ್ಕೆ ಇಕೋ ಮೋಡು, ಜೊತೆಗೆ ಸಿಪಿಯುಗೆ 240 ಎಐಒ ಅಂತ ಯೋಚನೆ. ಅದನ್ನ ಮುಂದೆ ಹಾಕೋದಾ ಮೇಲೆ ಹಾಕೋದಾ?

ತಾಮ್ರದತಟ್ಟೆ (ಮೈಸೂರು):

ಮೇಲೆ, ಫ್ಯಾನ್ ಗಾಳಿ ಹೊರಗೆ ತಳ್ಳೋ ಹಾಗೆ. ಜಿಪಿಯು ಬಿಸಿ ಅದರ ಮೂಲಕವೇ ಹೋಗುತ್ತೆ ಅನ್ನೋದು ನಿಜ, ಆದರೆ ಸಿಪಿಯು ರೆಂಡರ್ ಹೊತ್ತಲ್ಲಿ ಕಾರ್ಡು ಸುಮ್ಮನಿರುತ್ತೆ. ಮುಂದೆಯೇ ಹಾಕೋದಾದರೆ ಟ್ಯೂಬು ಕೆಳಗಿನ ತುದಿಗೆ ಬರಲಿ, ರೇಡಿಯೇಟರಿನ ಮೇಲ್ತುದಿ ಪಂಪಿಗಿಂತ ಎತ್ತರದಲ್ಲಿರಲಿ. ಒಳಗಿನ ಗಾಳಿ ಯಾವಾಗಲೂ ಎತ್ತರದ ಜಾಗಕ್ಕೆ ಹೋಗಿ ಕೂರುತ್ತೆ, ಅದು ಪಂಪಾಗಬಾರದು.

ಎಐಒ ಬಹುತೇಕ ಎಲ್ಲವೂ ಮತ್ತೆ ತುಂಬಿಸೋಕೆ ಬರಲ್ಲ. ವರ್ಷಗಳು ಹೋದ ಹಾಗೆ ಟ್ಯೂಬಿನ ಗೋಡೆಯಿಂದಲೇ ನೀರು ಸ್ವಲ್ಪಸ್ವಲ್ಪ ಆವಿಯಾಗುತ್ತೆ, ಐದಾರು ವರ್ಷದ ವಸ್ತು ಅಂತಲೇ ಕೊಳ್ಳಿ, ವಾರಂಟಿ ಹೆಚ್ಚಿರೋದು ನೋಡಿ. ಅದಕ್ಕಿಂತ ಅಗ್ಗಕ್ಕೆ ಎರಡು ಫ್ಯಾನಿನ ಜೋಡಿ ಟವರ್ ಏರ್ ಕೂಲರ್ ಸಿಗುತ್ತೆ. ಇಕೋ ಮೋಡಿನ 88 ವ್ಯಾಟ್‌ಗೆ ಅದೇ ಧಾರಾಳ ಸಾಕು, ಕೆಡೋಕೆ ಅದರಲ್ಲಿ ಫ್ಯಾನ್ ಬಿಟ್ಟು ಬೇರೇನಿಲ್ಲ. ಕೇಸಿನ ಪಕ್ಕದ ಬಾಗಿಲಿಗೆ ಎಷ್ಟು ಎತ್ತರ ಸಿಗುತ್ತೆ ಅಂತ ಅಳೆದು ಹೇಳಿ, ಅಂಥವು ಹೆಚ್ಚಾಗಿ 155-165 ಮಿ.ಮೀ. ಇರ್ತವೆ.