ಸಹಾಯ ಬೇಕು: ತುರ್ಕಿಯಲ್ಲಿ ಬಕ್ರೀದ್ ಊಟಕ್ಕೆ ಕರೆದಿದ್ದಾರೆ

ಎಲ್ಲರಿಗೂ ಶರಣು. ನಾನು ಬೀದರಿನವಳು. ತುರ್ಕಿಯ ಕೊನ್ಯಾದಲ್ಲಿ ಓದುತ್ತಿರುವ ಮಗಳನ್ನು ನೋಡಲು ಮೇ ಕೊನೆಗೆ ಹೋಗುತ್ತಿದ್ದೇನೆ. ಅಲ್ಲಿ 2026ರ ಬಕ್ರೀದ್ ಮೇ 27ಕ್ಕೆ. ಅವಳಿರುವ ಮನೆಯ ಒಡತಿ, ಎಪ್ಪತ್ತು ದಾಟಿದ ಅಜ್ಜಿ, ಹಬ್ಬದ ಮೊದಲ ದಿನವೇ ನಮ್ಮನ್ನು ಊಟಕ್ಕೆ ಕರೆದಿದ್ದಾರೆ.

ಕುರ್ಬಾನ್ ಬೈರಾಮ್ ಎಂದು ಅವರು ಕರೆಯುವ ಈ ಹಬ್ಬ ನಾಲ್ಕು ದಿನದ್ದು. ಕುರ್ಬಾನಿಯ ಮಾಂಸವನ್ನು ಹುರಿದು ಮಾಡುವ ಕವುರ್ಮಾ ಆ ದಿನದ ಮುಖ್ಯ ಅಡುಗೆ. ನಾನು ಮಾಂಸ ತಿನ್ನುವುದಿಲ್ಲ. ಬೀದರಿನಲ್ಲಿ ಇದು ಎಂದೂ ತೊಡಕಾಗಿಲ್ಲ. ಪಕ್ಕದ ಮನೆಯ ಆಪಾ ರಂಜಾನ್‌ಗೆ ಶೀರ್ ಖುರ್ಮಾ ಕಳುಹಿಸುತ್ತಾರೆ, ಬಕ್ರೀದ್‌ಗೂ ನೆನಪಿಟ್ಟು ನಮಗಾಗಿ ಬೇರೆ ಪಾತ್ರೆಯಲ್ಲಿ ಸಿಹಿ ಮಾಡುತ್ತಾರೆ. ಮೂವತ್ತು ವರ್ಷದ ನೆರೆ, ಬಾಯಿಬಿಟ್ಟು ಹೇಳಬೇಕಾಗಿಯೇ ಇಲ್ಲ. ಆ ಅಜ್ಜಿಗೆ ಹೇಗೆ ಹೇಳಲಿ? ಮೊದಲೇ ತಿಳಿಸಲೇ, ತಟ್ಟೆಯ ಮುಂದೆ ಕುಳಿತಾಗಲೇ? ಅವರ ಮನಸ್ಸು ನೋಯಬಾರದು. ಅದಕ್ಕೆ ಒಪ್ಪುವ ಒಂದೆರಡು ತುರ್ಕಿ ಮಾತು ಯಾರಾದರೂ ಕನ್ನಡದಲ್ಲಿ ಬರೆದುಕೊಡಿ.

ಹಬ್ಬದಲ್ಲಿ ಹಿರಿಯರ ಕೈಗೆ ಮುತ್ತಿಟ್ಟು ಹಣೆಗೆ ಒತ್ತಿಕೊಳ್ಳುವುದು ಅಲ್ಲಿನ ಪದ್ಧತಿಯಂತೆ. ನಮ್ಮಲ್ಲಿ ಕಾಲಿಗೆರಗುವ ಹಾಗೆಯೇ, ನನಗೆ ಬಹಳ ಹಿಡಿಸಿತು. ಐವತ್ತೆರಡರ ನಾನೂ ಹಾಗೆ ಮಾಡಬಹುದೇ?

ಉಡುಗೊರೆಗೆ ಬಿದ್ರಿ ಡಬ್ಬಿ ತೆಗೆದಿಟ್ಟಿದ್ದೇನೆ. ನಮ್ಮ ಕೋಟೆಯ ಮಣ್ಣಿನಿಂದಲೇ ಕಪ್ಪಾದ ಲೋಹ, ಮೇಲೆ ಬೆಳ್ಳಿಯ ಕುಸುರಿ. ಖಾಲಿ ಕೊಡಲು ಮನಸ್ಸಿಲ್ಲ, ಒಳಗೆ ಏನು ತುಂಬಲಿ? ವಿಮಾನದಲ್ಲಿ ಕೆಡದ ಸಿಹಿಯಾಗಿರಬೇಕು.

ತುರ್ಕಿಯಲ್ಲಿ ಹಬ್ಬ ಕಂಡವರು ದಯವಿಟ್ಟು ಮೇ 20ರೊಳಗೆ ತಿಳಿಸಿ.