ನಕ್ಷತ್ರಕ್ಕೆ ಮಾಲು ಸಾಗಿಸುವ ಕಂಪನಿ: 42 ವರ್ಷ ದಾರಿಯಲ್ಲಿರುವ ಮಾಲು ಯಾರದ್ದು?

ಬೇಲಾಪುರದವನು (ಪ್ರಶ್ನೆ)

ನಮಸ್ಕಾರ. ಕನ್ನಡದಲ್ಲಿ ಒಂದು ನೀಳ್ಗತೆ ಬರೆಯುತ್ತಿದ್ದೇನೆ. ನಕ್ಷತ್ರದಿಂದ ನಕ್ಷತ್ರಕ್ಕೆ ಸರಕು ಸಾಗಿಸುವ ಕಂಪನಿಯ ಕಥೆ. ಹೆಸರು 'ಘಟ್ಟದಾಚೆ ಟ್ರಾನ್ಸ್‌ಪೋರ್ಟ್'. ಹೆಡ್ ಆಫೀಸು ಉರಣ್‌ನಲ್ಲಿ, ಕಾಲ ಇಂದಿಗೆ ನಾನೂರು ವರ್ಷ ಮುಂದೆ.

ನನ್ನ ಕೆಲಸ ನ್ಹಾವಾ ಶೇವಾ ಬಂದರಿಗೆ ಹೋಗುವ ಮಾಲಿನ ಕಾಗದಪತ್ರ ನೋಡುವುದು. ಇನ್‌ವಾಯ್ಸ್, ಶಿಪ್ಪಿಂಗ್ ಬಿಲ್, ಬಿಲ್ ಆಫ್ ಲೇಡಿಂಗ್ (ಬಿಎಲ್, ಅಂದರೆ ಮಾಲು ಪಡೆದಿದ್ದೇವೆ ಎಂದು ಹಡಗಿನ ಕಂಪನಿ ಕೊಡುವ ಕಾಗದ). ಹಡಗಿನ ಕಥೆ ಎಂದರೆ ಎಲ್ಲರೂ ಕ್ಯಾಪ್ಟನ್, ಎಂಜಿನ್ ಬಗ್ಗೆಯೇ ಬರೆಯುತ್ತಾರೆ. ಮಾಲು ಯಾರದ್ದು ಅಂತ ಯಾರೂ ಕೇಳುವುದಿಲ್ಲ. ನನಗೆ ಕಥೆ ಇರುವುದೇ ಅಲ್ಲಿ.

ನನ್ನ ಹಡಗಿನ ವೇಗ ಬೆಳಕಿನ ವೇಗದ ಹತ್ತರಲ್ಲಿ ಒಂದು ಪಾಲು. ಅದು ಹೋಗುವುದು ಸೂರ್ಯನನ್ನು ಬಿಟ್ಟರೆ ನಮಗೆ ಅತಿ ಹತ್ತಿರದ ನಕ್ಷತ್ರ ಪ್ರಾಕ್ಸಿಮಾ ಸೆಂಟಾರಿಗೆ, 4.24 ಜ್ಯೋತಿರ್ವರ್ಷ ದೂರ. ಅಂದರೆ ದಾರಿಯೇ 42 ವರ್ಷ ದಾಟುತ್ತದೆ. ಕಳಿಸಿದವರು ಮಾಲು ಮುಟ್ಟುವಾಗ ಇರುತ್ತಾರೋ ಇಲ್ಲವೋ. ಬಿಡಿಸಿಕೊಳ್ಳಬೇಕಾದವರು ಇನ್ನೂ ಹುಟ್ಟಿರಲಿಕ್ಕೂ ಇಲ್ಲ. 'ಬೆಳಕಿಗಿಂತ ಜೋರಾಗಿ ಹೋಗುವ ಎಂಜಿನ್ ಇದೆ ಅಂತ ಬರೆದುಬಿಡು' ಎಂದು ಗೆಳೆಯರು ಹೇಳುತ್ತಾರೆ. ನನಗೆ ಅದು ಬೇಡ. ಆ 42 ವರ್ಷ ತೆಗೆದರೆ ಬರೆಯಲು ಏನೂ ಉಳಿಯುವುದಿಲ್ಲ.

ನನಗೆ ತಿಳಿಯಬೇಕಾದದ್ದು ಇಷ್ಟು. ಇಷ್ಟು ದೂರ ಕಳಿಸಲು ಯೋಗ್ಯವಾದ ಮಾಲು ಯಾವುದು? ದಾರಿಯಲ್ಲಿರುವಾಗ ಅದರ ಒಡೆತನ ಯಾರ ಕೈಯಲ್ಲಿ ಇರಬೇಕು? ಫಿಸಿಕ್ಸ್ ಗೊತ್ತಿರುವವರು, ಬ್ಯಾಂಕಿನವರು, ಬಂದರಿನವರು ದಯವಿಟ್ಟು ಹೇಳಿ.

ಪಾಷಾಣ್ ಮೇಷ್ಟ್ರು, ಪುಣೆ

ಮೊದಲು ತೂಕದ ಲೆಕ್ಕ. ಒಂದು ಕಿಲೋ ವಸ್ತುವನ್ನು ನೀವು ಹೇಳಿದ ವೇಗಕ್ಕೆ ಮುಟ್ಟಿಸಲು ಸುಮಾರು 12.5 ಕೋಟಿ ಯುನಿಟ್ ವಿದ್ಯುತ್ತಿನಷ್ಟು ಶಕ್ತಿ ಬೇಕು. ಯುನಿಟ್‌ಗೆ 10 ರೂಪಾಯಿ ಹಿಡಿದರೂ 125 ಕೋಟಿ ರೂಪಾಯಿ. ಅದೂ ಒಂದಿಷ್ಟೂ ಪೋಲಾಗದಿದ್ದರೆ. ಅಲ್ಲಿ ನಿಲ್ಲಿಸುವ ಖರ್ಚು ಬೇರೆ. ಹೋಲಿಕೆಗೆ ಹೇಳುತ್ತೇನೆ: 1977ರಲ್ಲಿ ಹೊರಟ ವಾಯೇಜರ್ 1 ಬಾಹ್ಯಾಕಾಶ ನೌಕೆ ಈಗ ಸೆಕೆಂಡಿಗೆ ಸುಮಾರು 17 ಕಿಲೋಮೀಟರ್ ಹೋಗುತ್ತಿದೆ. ಆ ವೇಗದಲ್ಲಿ ಪ್ರಾಕ್ಸಿಮಾದಷ್ಟು ದೂರ ಹೋಗಲು 70 ಸಾವಿರ ವರ್ಷಕ್ಕೂ ಜಾಸ್ತಿ ಬೇಕು. ದಾರಿಯ ಧೂಳನ್ನೂ ಮರೆಯಬೇಡಿ. ನಿಮ್ಮ ಹಡಗಿಗೆ ಒಂದು ಮಿಲಿಗ್ರಾಂ ಕಣ ಬಡಿದರೆ 100 ಕಿಲೋ ಟಿಎನ್‌ಟಿ ಸಿಡಿದಷ್ಟು ಹೊಡೆತ.

ಹಾಗಾಗಿ ಕಬ್ಬಿಣ, ಬಂಗಾರ ಎಲ್ಲ ಬಿಡಿ. ನಕ್ಷೆ, ಪುಸ್ತಕ, ಔಷಧದ ಸೂತ್ರ ಇವೆಲ್ಲ ರೇಡಿಯೋದಲ್ಲಿ 4.24 ವರ್ಷಕ್ಕೆ ಹೋಗುತ್ತವೆ. ರೇಡಿಯೋದಲ್ಲಿ ಕಳಿಸಲಾಗದ್ದು ಮಾತ್ರ ಹಡಗಿಗೆ ಏರಬೇಕು. ನನ್ನನ್ನು ಕೇಳಿದರೆ ಆಪೂಸು ಮಾವಿನ ಕಸಿ. ಅದರ ಗೊರಟೆ ನೆಟ್ಟರೆ ತಾಯಿಮರದ ಹಣ್ಣೇ ಬರುತ್ತದೆ ಅನ್ನುವ ಹಾಗಿಲ್ಲ, ಕಸಿಯೇ ಆಗಬೇಕು. ಮಾವಿನ ಗೊರಟೆಯನ್ನು ಭತ್ತದ ಹಾಗೆ ಒಣಗಿಸಿ ಶೀತದಲ್ಲಿಡಲೂ ಆಗುವುದಿಲ್ಲ, ಸತ್ತುಹೋಗುತ್ತದೆ. ಗಿಡ ಜೀವಂತವಾಗಿಯೇ ಹೋಗಬೇಕು. ಅದಕ್ಕೆ ಮಣ್ಣು, ನೀರು, ಬೆಳಕು, ಸವರುವ ಕೈ. ಕಾಡಿಗೆ ಬಿಟ್ಟ ಮರದ ಹಾಗೆ ಬೆಳೆಯಲು ಬಿಡಬಾರದು. ಗಿಡ್ಡವಾಗಿಯೇ ಇಟ್ಟುಕೊಂಡು, ಹಳೆಯದು ಸೋತರೆ ಅದರ ಕಡ್ಡಿಯಿಂದ ಹೊಸ ಕಸಿ ಕಟ್ಟಬೇಕು.

ಡೊಂಬಿವಲಿ ಈಸ್ಟ್

ನಾನು ಬ್ಯಾಂಕಿನಲ್ಲಿ ಎಕ್ಸ್‌ಪೋರ್ಟ್ ಸಾಲ ನೋಡುತ್ತಿದ್ದವಳು. ಶೇಕಡಾ 8ರ ಚಕ್ರಬಡ್ಡಿಯಲ್ಲಿ 42 ವರ್ಷಕ್ಕೆ ಅಸಲು 25 ಪಟ್ಟು ದಾಟುತ್ತದೆ. ಮೇಷ್ಟ್ರು ಹೇಳಿದ 125 ಕೋಟಿ 3,000 ಕೋಟಿಯ ಮೇಲೆ ಹೋಯಿತು. ಒಂದು ಕಿಲೋಗೆ! ಅಷ್ಟು ಜೋರಾಗಿ ಹೋಗುವ ಹಡಗಿನೊಳಗೆ ಕಾಲ ನಿಧಾನ, ಬಡ್ಡಿ ಕಡಿಮೆ ಆಗಬಹುದು ಅಂತ ಯೋಚಿಸಬೇಡಿ. ಅರ್ಥಶಾಸ್ತ್ರಜ್ಞ ಪಾಲ್ ಕ್ರುಗ್ಮನ್ 1978ರಲ್ಲೇ ಇದರ ಬಗ್ಗೆ ಲೇಖನ ಬರೆದಿದ್ದಾರೆ. ಬಡ್ಡಿ ಓಡುವುದು ಗ್ರಹದ ಗಡಿಯಾರದ ಪ್ರಕಾರ, ಹಡಗಿನದ್ದಲ್ಲ. ನಿಮ್ಮ ವೇಗಕ್ಕೆ ಆ ಎರಡು ಗಡಿಯಾರಗಳ ವ್ಯತ್ಯಾಸ ಇಡೀ ದಾರಿಗೆ ಎರಡೂವರೆ ತಿಂಗಳು ಅಷ್ಟೇ.

ಯಾವ ಬ್ಯಾಂಕೂ ಇದಕ್ಕೆ ಸಾಲ ಕೊಡುವುದಿಲ್ಲ. ಲಾಭ ನೋಡದೆ ನೂರಾರು ವರ್ಷ ಒಂದು ಕೆಲಸ ಹಿಡಿದು ನಡೆಸುವವರು ಬೇಕು. ನಮ್ಮ ಉಡುಪಿಯನ್ನೇ ನೋಡಿ. ಎಂಟು ಮಠ, ಎರಡೆರಡು ವರ್ಷದ ಪರ್ಯಾಯ. ವಾದಿರಾಜರು ಎರಡು ವರ್ಷದ ಸರದಿ ಮಾಡಿದ್ದು 1522ರಲ್ಲಿ, ಇವತ್ತಿಗೂ ನಡೆದಿದೆ. ನಿಮ್ಮ ಹಡಗಿನಲ್ಲಿ ಎಂಟು ಮನೆತನ ಇಡಿ. ಒಂದೊಂದಕ್ಕೆ ಎರಡು ವರ್ಷ ಆ ಗಿಡದ ಹೊಣೆ. 42 ವರ್ಷದಲ್ಲಿ ಎರಡು ಸುತ್ತು ಮುಗಿದು ಮೂರನೆಯದು ಅರ್ಧ ದಾಟಿರುತ್ತದೆ. ಹಡಗು ಹೊರಟಾಗ ಹೊಣೆ ಹೊತ್ತವರ ಮೊಮ್ಮಕ್ಕಳು ಅಲ್ಲಿ ಗಿಡ ಇಳಿಸುತ್ತಾರೆ. ಇದನ್ನು ಬರೆಯುವಾಗಲೇ ನನಗೆ ಮೈ ಜುಮ್ ಅಂತು.

ವಾಸ್ಕೋದಿಂದ

ದೊಡ್ಡ ಹಡಗನ್ನು ಗ್ರಹದ ಹತ್ತಿರ ತರಬೇಡಿ. ಗೋವಾದಲ್ಲಿ ಅದಿರು ಹೇಗೆ ಹೋಗುತ್ತಿತ್ತು ನೋಡಿ. ಗಣಿಯಿಂದ ಮಾಂಡೋವಿ, ಜುವಾರಿ ನದಿಗಳಲ್ಲಿ ಬಾರ್ಜ್‌ನಲ್ಲಿ ಮುರ್ಮಗೋವಾಕ್ಕೆ ಬರುತ್ತಿತ್ತು. ತುಂಬಾ ದೊಡ್ಡ ಹಡಗುಗಳು ದೂರ ನೀರಿನಲ್ಲೇ ನಿಂತು ತುಂಬಿಸಿಕೊಳ್ಳುತ್ತಿದ್ದವು. ಮಳೆಗಾಲದಲ್ಲಿ ಆಗ್ವಾದ ಹತ್ತಿರದ ಮರಳದಿಬ್ಬದಿಂದ ಮಾಂಡೋವಿ ಬಾಯಿ ಬಂದ್. ಆಗ ಕುಂಬಾರ್ಜುವಾ ಕಾಲುವೆ ಹಿಡಿದು ಜುವಾರಿಗೆ ಬರಬೇಕು. ನಿಮ್ಮ ಗ್ರಹಕ್ಕೂ ಅಂಥ ಒಂದು ಬಂದ್ ಕಾಲ ಇಡಿ. 42 ವರ್ಷ ಪ್ರಯಾಣ ಮಾಡಿ ಬಂದವರು ಕಣ್ಣೆದುರು ಊರು ಕಾಣುತ್ತಿದ್ದರೂ ನಾಲ್ಕು ತಿಂಗಳು ಕಾಯಬೇಕು. ಕಾದ ದಿನಗಳ ಡೆಮರೇಜ್ (ಹಡಗು ತಡವಾದದ್ದಕ್ಕೆ ಕೊಡುವ ಹಣ) ಯಾರು ಕೊಡುತ್ತಾರೆ, ಅದನ್ನೂ ಬರೆಯಿರಿ.

ಬೇಲಾಪುರದವನು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮಾವಿನ ಕಸಿ, ಎಂಟು ಮನೆತನ ಎರಡನ್ನೂ ತೆಗೆದುಕೊಂಡೆ. ಅದರ ಜೊತೆ ಒಡೆತನದ ಪ್ರಶ್ನೆಗೂ ದಾರಿ ಸಿಕ್ಕಿತು.

ಬಿಎಲ್ ಕಾಗದ ಯಾರ ಕೈಯಲ್ಲಿದೆಯೋ ಮಾಲು ಬಿಡಿಸಿಕೊಳ್ಳುವ ಹಕ್ಕು ಸಾಮಾನ್ಯವಾಗಿ ಅವರದ್ದು. ಸಾಮಾನ್ಯವಾಗಿ ಮೂರು ಒರಿಜಿನಲ್ ಇರುತ್ತವೆ. ಈಗ ಅವಸರ ಇದ್ದರೆ ಟೆಲೆಕ್ಸ್ ರಿಲೀಸ್ ಮಾಡುತ್ತೇವೆ. ಒರಿಜಿನಲ್‌ಗಳನ್ನು ಇಲ್ಲೇ ಕಂಪನಿಗೆ ಒಪ್ಪಿಸಿದರೆ, ಅವರು ಆ ಕಡೆಯ ಆಫೀಸಿಗೆ 'ಮಾಲು ಕೊಡಿ' ಎಂದು ಸಂದೇಶ ಕಳಿಸುತ್ತಾರೆ. ನನ್ನ ಕಥೆಯಲ್ಲೂ ಅದೇ. ಸಂದೇಶಕ್ಕೆ 4.24 ವರ್ಷ ಬೇಕು. ಹಡಗು ಮುಟ್ಟುವ ಹೊತ್ತಿಗೆ ಅದೂ ಮುಟ್ಟಬೇಕಾದರೆ 38ನೇ ವರ್ಷ ಮುಗಿದು ಸ್ವಲ್ಪ ದಿನದೊಳಗೆ ಇಲ್ಲಿಂದ ಹೊರಡಬೇಕು. ಅಲ್ಲಿಯವರೆಗೆ ಆ ಕಾಗದ ಉರಣ್‌ನಲ್ಲೇ ಕೈಯಿಂದ ಕೈಗೆ ಮಾರಾಟವಾಗುತ್ತಾ ಇರುತ್ತದೆ. ಗಿಡ ನೋಡುವವರಿಗೆ ತಾವು ಯಾರ ಗಿಡಕ್ಕೆ ನೀರು ಹಾಕುತ್ತಿದ್ದೇವೆ ಅಂತ ಗೊತ್ತಿರುವುದಿಲ್ಲ. 38ನೇ ವರ್ಷ ಆ ಕಾಗದ ಹಿಡಿದ ಹುಡುಗಿಯೇ ನನ್ನ ನಾಯಕಿ.

ಇನ್ನೊಂದು ತೊಡಕು. ಸಮುದ್ರ ಸಾಗಣೆಯ 1924ರ ಹೇಗ್ ನಿಯಮದಂತೆ ಮಾಲು ಹಾಳಾದರೆ ತಲುಪಿದ ಒಂದು ವರ್ಷದೊಳಗೆ ದಾವೆ ಹಾಕಬೇಕು. ಗಿಡ ಸತ್ತು ತಲುಪಿತು ಅನ್ನುವ ಸುದ್ದಿ ಉರಣ್‌ಗೆ ಬರುವುದೇ ನಾಲ್ಕು ವರ್ಷ ಕಳೆದ ಮೇಲೆ. ಕಂಪನಿ ಆ ಹಳೇ ಗಡುವನ್ನೇ ಬಿಎಲ್ ಹಿಂಬದಿಯಲ್ಲಿ ಬೇಕಂತಲೇ ಉಳಿಸಿಕೊಂಡಿದೆ. ಅವಳ ಹೋರಾಟ ಅದರ ವಿರುದ್ಧ. ಇಲ್ಲಿ ನಾನು ಕಂಪನಿಯ ಪರ ಇರುವುದಿಲ್ಲ.

ವಾಸ್ಕೋದವರೇ, ಬಾರ್ಜ್‌ನಿಂದ ಹಡಗಿಗೆ ಅದಿರು ಏರಿಸುವಾಗ ತೂಕ ಯಾರು ನೋಡುತ್ತಿದ್ದರು?

ವಾಸ್ಕೋದಿಂದ

ಡ್ರಾಫ್ಟ್ ಸರ್ವೆ ಮಾಡುತ್ತಾರೆ. ತುಂಬುವ ಮುಂಚೆ, ತುಂಬಿದ ಮೇಲೆ ಹಡಗು ನೀರಿನಲ್ಲಿ ಎಷ್ಟು ಮುಳುಗಿದೆ ಅಂತ ಬದಿಯ ಗುರುತು ನೋಡಿ ಲೆಕ್ಕ ಹಾಕುವುದು. ಆಮೇಲೆ ಹಡಗಿನ ಚೀಫ್ ಆಫೀಸರ್ ಮೇಟ್ಸ್ ರಿಸೀಟ್‌ಗೆ (ಮಾಲು ಹಡಗಿಗೆ ಏರಿತು ಅನ್ನುವ ರಸೀದಿ) ಸಹಿ ಹಾಕಬೇಕು. ಮಾಲಿನಲ್ಲಿ ಕೊರತೆ ಕಂಡರೆ ಅದರಲ್ಲೇ ಬರೆಯುತ್ತಾರೆ, ಅದು ಬಿಎಲ್‌ಗೂ ಬರುತ್ತದೆ. ಗಿಡದ ಒಂದು ಎಲೆ ಬಾಡಿದ್ದರೂ ಹೊರಡುವ ದಿನವೇ ಬರೆಸಿಡಿ, ನಿಮ್ಮ ಹುಡುಗಿಯ ದಾವೆಗೆ ಅದು ಮುಖ್ಯ. ನಿಮ್ಮಲ್ಲಿ ನೀರಿಲ್ಲ, ಹಾಗಾಗಿ ತೂಕಕ್ಕೆ ಬೇರೆ ಉಪಾಯ ಬೇಕು. ಮೇಷ್ಟ್ರೇ, ಎಂಜಿನ್ ಇಂತಿಷ್ಟು ತಳ್ಳಿದಾಗ ಹಡಗಿನ ವೇಗ ಎಷ್ಟು ಏರುತ್ತದೆ ನೋಡಿ ಹೇಳಬಹುದು ಅಲ್ವಾ?

ಪಾಷಾಣ್ ಮೇಷ್ಟ್ರು, ಪುಣೆ

ಹೌದು, ಖಂಡಿತ. ಹೊರಟ ಮೊದಲ ಗಂಟೆಯಲ್ಲೇ ಗೊತ್ತಾಗುತ್ತದೆ. ಅಷ್ಟರಲ್ಲಿ ಬಿಎಲ್‌ಗೆ ಸಹಿ ಬಿದ್ದಿರುತ್ತದೆ ಅನ್ನುವುದನ್ನು ಬೇಲಾಪುರದವರು ಗಮನಿಸಲಿ.