ಲಾಗ್ ಸೆಟ್ಟಿಂಗ್ ಯಾರ ಕೈಯಲ್ಲಿರಬೇಕು?

ಪ್ರಶ್ನೆ: ಶಿರಸಿಯ ಅಡಿಕೆ ವಹಿವಾಟಿನ ಸಂಘವೊಂದರಲ್ಲಿ ಕಂಪ್ಯೂಟರ್ ವಿಭಾಗವನ್ನು ನೋಡಿಕೊಳ್ಳುತ್ತೇನೆ. ರಾಶಿ, ಚಾಲಿ, ಬೆಟ್ಟೆಗಳ ಟೆಂಡರ್ ದರವೆಲ್ಲ ಸಾಫ್ಟ್‌ವೇರ್‌ನಲ್ಲೇ ದಾಖಲಾಗುತ್ತದೆ. ಕಳೆದ ವಾರ ಚಾಲಿಯ ಒಂದು ಲಾಟಿನ ದರವನ್ನು ಯಾರೋ ತಿದ್ದಿದ್ದರು. ಯಾರೆಂದು ಹುಡುಕಹೋದರೆ ಮಧ್ಯಾಹ್ನ 2.15ರಿಂದ 3.30ರವರೆಗೆ ಲಾಗ್ (ನಡೆದ ಕೆಲಸವನ್ನು ಸಾಫ್ಟ್‌ವೇರ್ ತಾನೇ ಬರೆದಿಡುವ ದಾಖಲೆ) ಖಾಲಿ. ಲಾಗ್ ಮಟ್ಟವನ್ನು, ಅಂದರೆ ಅದರಲ್ಲಿ ಎಷ್ಟು ವಿವರ ಬರೆಯಬೇಕೆಂಬುದನ್ನು, ಬದಲಿಸುವ ಪುಟ ಅಡ್ಮಿನ್ ಲಾಗಿನ್ ಇರುವ 6 ಜನರಿಗೂ ತೆರೆಯುತ್ತದೆ. ಉಳಿದವರಿಂದ ತೆಗೆದು ನನ್ನೊಬ್ಬನಿಗೆ ಇಟ್ಟುಕೊಳ್ಳಬಹುದೇ?

ಉತ್ತರ: ಹಾಗೆ ಮಾಡಿದರೆ ಮುಂದಿನ ಸಲ ಸಂಶಯ ನೇರವಾಗಿ ನಿಮ್ಮ ಮೇಲೆ ಬರುತ್ತದೆ, ಅಷ್ಟೆ. ದರ ತಿದ್ದಿದ ದಾಖಲೆ ಲಾಗ್ ಮಟ್ಟವನ್ನು ನೆಚ್ಚಿಕೊಂಡಿರುವುದೇ ಇಲ್ಲಿನ ಮೂಲ ದೋಷ. ದೋಷ ಹುಡುಕಲು ಬರೆಯುವ ಲಾಗನ್ನು ಹೆಚ್ಚು ಕಡಿಮೆ ಮಾಡಬಹುದು. ಹಳೆಯ ದರ, ಹೊಸ ದರ, ತಿದ್ದಿದವರು, ಸಮಯ ಇವನ್ನು ಹಿಡಿದಿಡುವ ಆಡಿಟ್ ದಾಖಲೆಗೆ ಮಾತ್ರ ಆಫ್ ಮಾಡುವ ಗುಂಡಿಯೇ ಇರಕೂಡದು. ದರವನ್ನು ಉಳಿಸುವ ಅದೇ ಡೇಟಾಬೇಸ್ ಟ್ರಾನ್ಸಾಕ್ಷನ್‌ನಲ್ಲೇ (ಒಂದೇ ಏಟಿಗೆ ಪೂರ್ತಿಯಾಗುವ ಬರಹ) ಅದೂ ಡೇಟಾಬೇಸಿನ ಪ್ರತ್ಯೇಕ ಕೋಷ್ಟಕಕ್ಕೆ ಸೇರಬೇಕು, ಮತ್ತು ಸಾಫ್ಟ್‌ವೇರ್ ಡೇಟಾಬೇಸಿಗೆ ಲಾಗಿನ್ ಆಗುವ ಬಳಕೆದಾರ ಹೆಸರಿಗೆ ಆ ಕೋಷ್ಟಕದಲ್ಲಿ ಸೇರಿಸುವ ಹಕ್ಕಷ್ಟೇ ಇರಬೇಕು, ತಿದ್ದುವ ಅಳಿಸುವ ಹಕ್ಕು ಬೇಡ.

ಇನ್ನು ಲಾಗ್ ಮಟ್ಟದ ವಿಷಯ. ಓದುವ, ಬದಲಿಸುವ, ಅಳಿಸುವ ಹಕ್ಕುಗಳನ್ನು ಬೇರ್ಪಡಿಸಿ, ಬದಲಿಸುವುದನ್ನು ಟೆಂಡರ್ ದರ ಮುಟ್ಟದ ಇಬ್ಬರಿಗೆ ಕೊಡಿ. ಅವರು ಮಾಡಿದ ಪ್ರತಿ ಬದಲಾವಣೆಯೂ ಅವರ ಕೈಗೆಟುಕದ ಇನ್ನೊಂದು ಯಂತ್ರಕ್ಕೆ ಆ ಕ್ಷಣವೇ ಹೋಗಲಿ. ಪುಟದಲ್ಲಿ ಗುಂಡಿ ಮರೆಮಾಡಿದರೆ ಸಾಲದು: ಸ್ಪ್ರಿಂಗ್ ಬೂಟ್‌ನಂಥ ಸಾಫ್ಟ್‌ವೇರ್ ಕಟ್ಟುವ ಚೌಕಟ್ಟಿನಲ್ಲಿ, ಲಾಗ್ ಮಟ್ಟ ಬದಲಿಸುವ ಲಾಗರ್ಸ್ ಎಂಬ ವೆಬ್ ವಿಳಾಸ ಹೊರಗೆ ತೆರೆದಿದ್ದರೆ, ಪುಟವನ್ನೇ ತೆರೆಯದೆ ಒಂದು ಕೋರಿಕೆ ಕಳುಹಿಸಿ ಮಟ್ಟ ಬದಲಿಸಬಹುದು, ಆದ್ದರಿಂದ ಹಕ್ಕಿನ ತಪಾಸಣೆ ಸರ್ವರ್‌ನಲ್ಲೇ ನಡೆಯಬೇಕು.

ಲಾಗ್ ಆಫ್ ಮಾಡುವುದಷ್ಟೇ ಅಪಾಯವಲ್ಲ. ದೋಷ ಹುಡುಕಲು ತೀರ ವಿವರವಾಗಿ ಬರೆಯುವ ಡೀಬಗ್ ಮಟ್ಟಕ್ಕೆ ಏರಿಸಿದರೆ ಬೆಳೆಗಾರರ ಖಾತೆ ಸಂಖ್ಯೆ, ಪಾಸ್‌ವರ್ಡ್‌ಗಳೂ ಲಾಗಿಗೆ ಬೀಳಬಹುದು. ಪಾಸ್‌ವರ್ಡ್‌ಗಳು ಒಳಗಿನ ಲಾಗ್‌ನಲ್ಲಿ ಇದ್ದಂತೆಯೇ ದಾಖಲಾಗಿವೆಯೆಂದು 2018ರ ಮೇ ತಿಂಗಳಲ್ಲಿ ಟ್ವಿಟರ್ ಸಂಸ್ಥೆಯೇ ತನ್ನ ಬಳಕೆದಾರರಿಗೆ ಅವನ್ನು ಬದಲಿಸಿಕೊಳ್ಳಲು ಹೇಳಿತ್ತು. ಡೀಬಗ್ 30 ನಿಮಿಷಕ್ಕೆ ತಾನಾಗಿ ಇಳಿಯುವಂತೆ ಮಾಡಿಸಿ. ಕೇಂದ್ರ ಸರ್ಕಾರದ ಸೈಬರ್ ಸುರಕ್ಷಾ ಸಂಸ್ಥೆ ಸರ್ಟ್-ಇನ್‌ನ 2022ರ ಏಪ್ರಿಲ್ ನಿರ್ದೇಶನದಂತೆ ಲಾಗ್‌ಗಳನ್ನು 180 ದಿನ ಉಳಿಸಿಕೊಳ್ಳಬೇಕೆಂಬುದೂ ನೆನಪಿರಲಿ.

ಮರುಪ್ರಶ್ನೆ: ನಮ್ಮದು ಪೋಸ್ಟ್‌ಗ್ರೆಸ್ ಡೇಟಾಬೇಸ್. ತಯಾರಕರು ಸಾಫ್ಟ್‌ವೇರನ್ನು ಅದಕ್ಕೆ ಸೂಪರ್‌ಯೂಸರ್ (ಎಲ್ಲ ಹಕ್ಕೂ ಇರುವ ಬಳಕೆದಾರ) ಹೆಸರಿನಲ್ಲೇ ಜೋಡಿಸಿಕೊಟ್ಟಿದ್ದಾರೆ. ತೊಂದರೆಯಾದೀತೇ?

ಉತ್ತರ: ಹಾಗಿದ್ದರೆ ಮೇಲೆ ಬರೆದದ್ದೆಲ್ಲ ವ್ಯರ್ಥ, ಏಕೆಂದರೆ ಸೂಪರ್‌ಯೂಸರ್‌ಗೆ ಯಾವ ಕೋಷ್ಟಕದ ಹಕ್ಕೂ ಅಡ್ಡಬರುವುದಿಲ್ಲ, ಸಾಮಾನ್ಯ ಬಳಕೆದಾರನಿಗೆ ನಿಲುಕದ ಲಾಗ್ ಸೆಟ್ಟಿಂಗ್‌ಗಳೂ ಅವನಿಗೆ ತೆರೆದಿರುತ್ತವೆ. ಮೊದಲು ತಯಾರಕರಿಂದ ಆ ಜೋಡಣೆಯನ್ನು ಬದಲಾಯಿಸಿಕೊಳ್ಳಿ; ಉಳಿದದ್ದು ಆಮೇಲೆ.